ಚರ್ಚ್ ಹಾಲಿನ ಫುಡ್‌ಬ್ಯಾಂಕ್: ಬ್ರಿಟನ್ನಿನ ಒಂದು ಸೇವೆಯ ವಿಮರ್ಶೆ

ತುರ್ತು ಸೇವೆ ಅಂತ ನೋಡಿದರೆ, ಊಟಕ್ಕೆ ಗತಿಯಿಲ್ಲದವರಿಗೆ ದಾನದ ಆಹಾರ ಹಂಚುವ ಬ್ರಿಟನ್ನಿನ ಫುಡ್‌ಬ್ಯಾಂಕಿಗೆ ಐದಕ್ಕೆ ನಾಲ್ಕೂವರೆ ಅಂಕ ಧಾರಾಳವಾಗಿ ಕೊಡಬಹುದು. ಒಂದು ದೇಶದ ಸಾಮಾಜಿಕ ಭದ್ರತೆಯ ಭಾಗ ಅಂತ ನೋಡಿದರೆ ಅಂಕ ಕೊಡುವ ಪ್ರಶ್ನೆಯೇ ಏಳಬಾರದು, ಏಕೆಂದರೆ ಅದು ಮಾಡಬೇಕಾದ ಕೆಲಸವೇ ಅದಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಹೇಳದೆ ಬರೆದ ವಿಮರ್ಶೆ ಅರ್ಧ ಸತ್ಯವಾಗುತ್ತದೆ. ಕ್ರೈಸ್ತರಾದ ನಮಗಂತೂ ಎರಡನ್ನೂ ಹೇಳುವ ಜವಾಬ್ದಾರಿ ಇದೆ, ಯಾಕೆಂದರೆ ಈ ಸೇವೆ ಬಹುಪಾಲು ನಡೆಯುವುದು ನಮ್ಮ ಚರ್ಚುಗಳ ಹಾಲಿನಲ್ಲಿ, ನಮ್ಮ ಸಭೆಯವರ ಕೈಯಲ್ಲಿ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಟ್ರಸೆಲ್ ಎಂಬ ಧರ್ಮಾರ್ಥ ಸಂಸ್ಥೆಯ ಜಾಲದ ಫುಡ್‌ಬ್ಯಾಂಕ್‌ಗಳ ವಿಚಾರ. ಪ್ಯಾಡಿ ಮತ್ತು ಕ್ಯಾರಲ್ ಹೆಂಡರ್ಸನ್ ದಂಪತಿ 1997ರಲ್ಲಿ ಈ ಸಂಸ್ಥೆಯನ್ನು ಕಟ್ಟಿದ್ದು ಬಲ್ಗೇರಿಯಾದ ಮಕ್ಕಳಿಗೆ ನೆರವಾಗಲು. 2000ದಲ್ಲಿ ಅವರದೇ ಊರಾದ ಸಾಲಿಸ್ಬರಿಯಿಂದ ಒಬ್ಬ ತಾಯಿ ಫೋನ್ ಮಾಡಿ, ತನ್ನ ಮಕ್ಕಳು ಇವತ್ತು ಹಸಿದುಕೊಂಡೇ ಮಲಗುತ್ತಾರೆ ಎಂದಳು. ಆಮೇಲೆ ಅವರ ಮನೆಯ ಶೆಡ್ಡು, ಗ್ಯಾರೇಜುಗಳೇ ಮೊದಲ ಫುಡ್‌ಬ್ಯಾಂಕ್ ಆದವು. 2004ರಿಂದ ಬೇರೆ ಊರುಗಳ ಚರ್ಚುಗಳು ಅದೇ ಪದ್ಧತಿಯನ್ನು ತಮ್ಮಲ್ಲಿ ಶುರುಮಾಡಿದವು. 2024-25ರಲ್ಲಿ ಈ ಜಾಲ ಕೊಟ್ಟ ಪಾರ್ಸೆಲ್‌ಗಳು ಸುಮಾರು 29 ಲಕ್ಷ, ಅದರಲ್ಲಿ 10 ಲಕ್ಷಕ್ಕೂ ಹೆಚ್ಚು ಮಕ್ಕಳಿಗಾಗಿ. ಈ ಅಂಕಿಯನ್ನು ಓದುವಾಗ ಒಂದು ಎಚ್ಚರ ಬೇಕು. ಮನೆಯಲ್ಲಿ ನಾಲ್ಕು ಜನರಿದ್ದರೆ ನಾಲ್ಕು ಪಾರ್ಸೆಲ್ ಎಂದು ಲೆಕ್ಕ, ಅದೇ ಮನೆಯವರು ಮತ್ತೆ ಬಂದರೆ ಮತ್ತೆ ನಾಲ್ಕು. ಹಾಗಾಗಿ 29 ಲಕ್ಷ ಅಂದರೆ 29 ಲಕ್ಷ ಬೇರೆ ಬೇರೆ ಜನ ಅಲ್ಲ. ಟ್ರಸೆಲ್ ಹೊರಗೂ ನೂರಾರು ಸ್ವತಂತ್ರ ಫುಡ್‌ಬ್ಯಾಂಕ್‌ಗಳಿವೆ; ಅವು ಈ ಲೆಕ್ಕದಲ್ಲಿ ಇಲ್ಲ.

ಒಳಗೆ ಹೋಗುವ ದಾರಿ

ಹೊಸಬರು ಎಡವುವುದು ಇಲ್ಲಿ. ಟ್ರಸೆಲ್ ಫುಡ್‌ಬ್ಯಾಂಕಿಗೆ ನೇರವಾಗಿ ಹೋಗಿ ಚೀಲ ಒಡ್ಡಿದರೆ ಸಾಮಾನ್ಯವಾಗಿ ಪಾರ್ಸೆಲ್ ಸಿಗುವುದಿಲ್ಲ. ನಿಮ್ಮ ಪರಿಸ್ಥಿತಿ ಗೊತ್ತಿರುವ ಯಾರಾದರೂ ಕಳಿಸಬೇಕು: ಜಿಪಿ ಡಾಕ್ಟರ್, ಚಿಕ್ಕ ಮಕ್ಕಳ ಆರೋಗ್ಯ ನೋಡುವ ನರ್ಸ್ ಆದ ಹೆಲ್ತ್ ವಿಸಿಟರ್, ಮಕ್ಕಳ ಶಾಲೆ, ಸೋಷಿಯಲ್ ವರ್ಕರ್, ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಕಚೇರಿ, ಕೆಲವು ಕಡೆ ಯೂನಿವರ್ಸಿಟಿಯ ವಿದ್ಯಾರ್ಥಿ ಸಹಾಯ ವಿಭಾಗ. ಅವರು ವೋಚರ್ ಬರೆಯುತ್ತಾರೆ. ಹಿಂದೆ ಅದು ಕೆಂಪು ಕಾಗದವಾಗಿತ್ತು, ಈಗ ಹೆಚ್ಚಾಗಿ ಫೋನಿಗೆ ಬರುವ ಒಂದು ಕೋಡ್. ಕಳಿಸುವವರು ಯಾರೂ ಇಲ್ಲದಿದ್ದರೆ ಟ್ರಸೆಲ್ ಮತ್ತು ಸಿಟಿಜನ್ಸ್ ಅಡ್ವೈಸ್ ಸೇರಿ ನಡೆಸುವ ಉಚಿತ ಸಹಾಯವಾಣಿಗೆ ಫೋನ್ ಮಾಡಬಹುದು. ಅವರು ಮೊದಲು ನಿಮ್ಮ ಆದಾಯ, ಸಾಲ, ಸಿಗಬೇಕಾಗಿಯೂ ಸಿಗದ ಭತ್ಯೆಗಳ ಬಗ್ಗೆ ಕೇಳಿ, ಆಮೇಲೆ ಬೇಕಿದ್ದರೆ ಕೋಡ್ ಕೊಡುತ್ತಾರೆ. ಆ ಪ್ರಶ್ನೆಗಳು ಅವಮಾನಕ್ಕಲ್ಲ. ಮೂರು ದಿನದ ಊಟಕ್ಕಿಂತ ಬೆಲೆಬಾಳುವುದು ಎಷ್ಟೋ ಸಲ ಅಲ್ಲೇ ಸಿಗುತ್ತದೆ: ಅರ್ಜಿ ಹಾಕದೇ ಬಿಟ್ಟಿದ್ದ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಮನೆ ತೆರಿಗೆ) ರಿಯಾಯಿತಿ, ನೀರಿನ ಬಿಲ್ಲಿನಲ್ಲಿ ಬಡವರಿಗಿರುವ ಕಡಿಮೆ ದರ ಅಂದರೆ ಸೋಷಿಯಲ್ ಟ್ಯಾರಿಫ್, ಹೀಗೆ.

ಎಡವಟ್ಟಾಗುವುದು ಹೆಚ್ಚಾಗಿ ಸಮಯದ ವಿಷಯದಲ್ಲಿ. ಒಂದು ಕೇಂದ್ರ ವಾರಕ್ಕೆ ಒಂದೋ ಎರಡೋ ದಿನ, ಅದೂ ಎರಡು ಗಂಟೆ ತೆರೆದಿರುವುದು ಮಾಮೂಲು. ಶುಕ್ರವಾರ ಮಧ್ಯಾಹ್ನ ಕೋಡ್ ಬಂದು ಹತ್ತಿರದ ಕೇಂದ್ರ ಮಂಗಳವಾರ ತೆರೆಯುವುದಾದರೆ ನಡುವೆ ನಾಲ್ಕು ರಾತ್ರಿ ಹಾಗೇ ಕಳೆಯಬೇಕು. ಕೋಡ್ ಕೊಡುವವರನ್ನು ಆಗಲೇ ಕೇಳಿಕೊಳ್ಳಿ: ಇವತ್ತೇ ತೆರೆದಿರುವ ಕೇಂದ್ರ ಯಾವುದು, ಮನೆಗೆ ತಲುಪಿಸುತ್ತಾರಾ, ಕೋಡ್ ಎಷ್ಟು ದಿನ ನಡೆಯುತ್ತದೆ. ಅದೇ ಮನೆಯವರು ಆರು ತಿಂಗಳಲ್ಲಿ ಮೂರು ವೋಚರ್ ದಾಟಿದರೆ ಸಾಮಾನ್ಯವಾಗಿ ಫುಡ್‌ಬ್ಯಾಂಕಿನವರು ಕಳಿಸಿದವರ ಜೊತೆ ಮಾತಾಡುತ್ತಾರೆ. ಅಂದರೆ ಬಾಗಿಲು ಮುಚ್ಚಿತು ಅಂತಲ್ಲ, ಕಷ್ಟದ ಬೇರು ಎಲ್ಲಿದೆ ಎಂದು ನೋಡುವ ಕ್ರಮ ಅದು.

ಚರ್ಚ್ ಹಾಲಿನೊಳಗೆ

ಒಳ್ಳೆಯ ಕೇಂದ್ರವನ್ನು ಗುರುತಿಸುವುದು ಸುಲಭ. ಬಾಗಿಲಲ್ಲಿ ಒಬ್ಬರು ನಿಂತಿರುತ್ತಾರೆ, ಕೂರಲು ಮೇಜು, ಟೀ, ಬಿಸ್ಕೆಟ್ ಇರುತ್ತದೆ. ಸ್ವಯಂಸೇವಕರು ಕೋಡ್ ನೋಡಿ, ನಿಮ್ಮ ಪಕ್ಕದಲ್ಲೇ ಕೂತು ಪಟ್ಟಿ ತುಂಬುತ್ತಾರೆ: ಮನೆಯಲ್ಲಿ ಎಷ್ಟು ಜನ, ಮಾಂಸ ತಿನ್ನುತ್ತೀರಾ, ಹಲಾಲ್ ಬೇಕಾ, ಅಲರ್ಜಿ ಇದೆಯಾ, ಮಗುವಿಗೆ ಎಷ್ಟನೇ ಸೈಜಿನ ನ್ಯಾಪಿ. ಆಮೇಲೆ ಬರುವ ಪ್ರಶ್ನೆಯೇ ಸೇವೆಯ ಮಟ್ಟ ತಿಳಿಸುವಂಥದ್ದು: ಅಡುಗೆ ಮಾಡಲು ನಿಮ್ಮ ಹತ್ತಿರ ಏನಿದೆ? ಒಲೆ ಇಲ್ಲದೆ ಕೆಟಲ್ ಮಾತ್ರ ಇರುವವರಿಗೆ ಬೇರೆ ಪಾರ್ಸೆಲ್ ಇದೆ. ಅದರಲ್ಲಿ ಬಿಸಿನೀರು ಹಾಕಿದರೆ ಆಗುವ ನೂಡಲ್ಸ್, ಸೂಪ್ ಪುಡಿ, ಓಟ್ಸ್ ಪ್ಯಾಕೆಟ್ ಇರುತ್ತವೆ. ಕೆಟಲ್ಲೂ ಇಲ್ಲದವರಿಗೆ ತಣ್ಣಗೇ ತಿನ್ನಬಹುದಾದ್ದನ್ನು ಕೊಡುತ್ತಾರೆ. ಈ ಪ್ರಶ್ನೆ ಕೇಳದೆ ಒಣ ಪಾಸ್ತಾ, ಅಕ್ಕಿ ಕೈಗಿಟ್ಟು ಕಳಿಸುವ ಕೇಂದ್ರಕ್ಕೆ ನಾನಾದರೆ ಎರಡಕ್ಕಿಂತ ಹೆಚ್ಚು ಅಂಕ ಕೊಡುವುದಿಲ್ಲ.

ಮಾಮೂಲು ಪಾರ್ಸೆಲ್‌ನಲ್ಲಿ ಕಡಿಮೆಯೆಂದರೆ ಮೂರು ದಿನದ ಆಹಾರ ಇರುತ್ತದೆ: ಸೀರಿಯಲ್, ಸೂಪ್, ಪಾಸ್ತಾ, ಅಕ್ಕಿ, ಟೊಮೇಟೊ ಡಬ್ಬಿ, ಬೀನ್ಸ್ ಮತ್ತು ಕಾಳು, ತರಕಾರಿ ಡಬ್ಬಿ, ಮಾಂಸ ಅಥವಾ ಮೀನಿನ ಡಬ್ಬಿ, ಹಣ್ಣಿನ ಡಬ್ಬಿ, ಟೀ ಅಥವಾ ಕಾಫಿ, ಬಿಸ್ಕೆಟ್, ಫ್ರಿಜ್ ಬೇಡದ ಯುಎಚ್‌ಟಿ ಹಾಲು, ಜ್ಯೂಸ್. ತಾಜಾ ತರಕಾರಿ, ಬ್ರೆಡ್, ಮೊಟ್ಟೆ ಆಯಾ ಕೇಂದ್ರದ ಅನುಕೂಲ ನೋಡಿಕೊಂಡು. ಡಬ್ಬಿಗಳು ಭಾರ, ಬಸ್ಸಿನಲ್ಲಿ ಹೋಗುವುದಾದರೆ ಗಟ್ಟಿ ಚೀಲ ಎರಡು, ಸಾಧ್ಯವಾದರೆ ಚಕ್ರದ ಬ್ಯಾಗ್ ಒಯ್ಯಿರಿ. ಸಸ್ಯಾಹಾರಿ ಎಂದು ಮೊದಲೇ ಹೇಳಿದರೆ ಮಾಂಸದ ಡಬ್ಬಿಗಳ ಬದಲು ಕಾಳು, ಬೇಳೆ ಸಿಗುತ್ತದೆ. ಕಡಲೆಕಾಳು, ಟೊಮೇಟೊ, ಅಕ್ಕಿ ಇದ್ದರೆ ಕನ್ನಡದ ಮನೆಯವರಿಗೆ ಊಟಕ್ಕೆ ತೊಂದರೆಯಿಲ್ಲ. ಸಾಂಬಾರ ಪದಾರ್ಥ ಮಾತ್ರ ಅಲ್ಲಿ ನಿರೀಕ್ಷಿಸಬೇಡಿ. ಶಿಶುವಿನ ಹಾಲಿನ ಪುಡಿಯನ್ನು ಅನೇಕ ಕೇಂದ್ರಗಳು ದಾನವಾಗಿ ಪಡೆಯುವುದಿಲ್ಲ, ಹಾಗಾಗಿ ಕೊಡುವುದೂ ಇಲ್ಲ. ಅದಕ್ಕೆ ಹೆಲ್ತ್ ವಿಸಿಟರ್ ಮೂಲಕವೇ ಹೋಗಬೇಕು.

ಗ್ಯಾಸು, ಕರೆಂಟು ಇನ್ನೊಂದು ತೊಡಕು. ಬಡ ಬಾಡಿಗೆದಾರರ ಮನೆಗಳಲ್ಲಿ ಹೆಚ್ಚಾಗಿ ಪ್ರೀಪೇಮೆಂಟ್ ಮೀಟರ್ ಇರುತ್ತದೆ. ಮೊದಲು ದುಡ್ಡು ತುಂಬಬೇಕು, ಆಮೇಲೆ ಉರಿಸಬೇಕು. ದುಡ್ಡು ಖಾಲಿಯಾದಾಗ ಮೀಟರ್ ಕೊಡುವ ಚೂರು ಸಾಲ, ಎಮರ್ಜೆನ್ಸಿ ಕ್ರೆಡಿಟ್ಟೂ ಮುಗಿದಿದ್ದರೆ ಬೇಳೆಯ ಪೊಟ್ಟಣ ಕೈಯಲ್ಲಿದ್ದೂ ಬೇಯಿಸಲಾಗದು. ಫ್ಯುಯೆಲ್ ಬ್ಯಾಂಕ್ ಫೌಂಡೇಶನ್ ಎಂಬ ಸಂಸ್ಥೆ ಇಂಥವರಿಗೆ ಮೀಟರ್ ವೋಚರ್ ಕೊಡುತ್ತದೆ, ಅನೇಕ ಫುಡ್‌ಬ್ಯಾಂಕ್‌ಗಳ ಮೂಲಕವೇ. ಆದರೆ ಕೇಳದಿದ್ದರೆ ಸಿಗುವುದು ಅಪರೂಪ. ಮೀಟರ್ ಖಾಲಿ ಎಂಬುದನ್ನು ನಾಚಿಕೆ ಬಿಟ್ಟು ಮೇಜಿನಲ್ಲೇ ಹೇಳಬೇಕು.

ವೀಸಾ ಭಯ

ಸ್ಟೂಡೆಂಟ್ ವೀಸಾ, ಸ್ಕಿಲ್ಡ್ ವರ್ಕರ್ ವೀಸಾದವರು, ಅವರಲ್ಲಿ ಕರ್ನಾಟಕದಿಂದ ಬಂದ ವಿದ್ಯಾರ್ಥಿಗಳೂ ನರ್ಸುಗಳೂ ಕೇರ್ ಹೋಮಿನ ಕೆಲಸಗಾರರೂ ಸೇರಿದ್ದಾರೆ, ಫುಡ್‌ಬ್ಯಾಂಕಿಗೆ ಹೋಗಲು ಹೆದರುವುದು ಒಂದೇ ಕಾರಣಕ್ಕೆ. ವೀಸಾದ ಮೇಲೆ ಪಬ್ಲಿಕ್ ಫಂಡ್ಸ್ ಬಳಸುವಂತಿಲ್ಲ ಎಂಬ ಷರತ್ತು ಇರುತ್ತದೆ. ಆ ಪದಕ್ಕೆ ವಲಸೆ ನಿಯಮಗಳಲ್ಲಿ ಖಚಿತವಾದ ಪಟ್ಟಿ ಇದೆ: ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಮುಖ್ಯ ಭತ್ಯೆಯಾದ ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಹೌಸಿಂಗ್ ಬೆನಿಫಿಟ್, ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಇಂಥವು. ದಾನದ ಆಹಾರ ಆ ಪಟ್ಟಿಯಲ್ಲಿ ಇಲ್ಲ. ಫುಡ್‌ಬ್ಯಾಂಕ್ ಸರ್ಕಾರದ್ದಲ್ಲ, ಧರ್ಮಾರ್ಥ ಸಂಸ್ಥೆಯದು. ಅಲ್ಲಿಂದ ಪಾರ್ಸೆಲ್ ತೆಗೆದುಕೊಂಡರೆ ವೀಸಾಕ್ಕೆ ಧಕ್ಕೆ ಇಲ್ಲ, ಮೇಜಿನಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುವುದೂ ಇಲ್ಲ. ಆದರೆ ಅದೇ ಮೇಜಿನಲ್ಲಿ ಯಾರಾದರೂ ಒಳ್ಳೆಯ ಮನಸ್ಸಿನಿಂದ, ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿ ಎಂದರೆ, ನಿಮ್ಮ ವೀಸಾ ಷರತ್ತನ್ನು ಹೇಳಿ ನಿಲ್ಲಿಸಿ. ಆ ಪಟ್ಟಿಯಲ್ಲಿರುವ ಭತ್ಯೆಗೆ ಹಾಕುವ ಅರ್ಜಿ ನಿಜಕ್ಕೂ ತೊಂದರೆಗೆ ಎಳೆಯುತ್ತದೆ. ಸ್ವಯಂಸೇವಕರು ವಲಸೆ ಕಾನೂನು ಬಲ್ಲವರಲ್ಲ.

ವೋಚರ್ ಹೊಂದಿಸಲು ದಿನಗಳೇ ಹಿಡಿಯುವುದಾದರೆ ಗುರುದ್ವಾರದ ಲಂಗರ್ ಇದೆ. ಕಾಗದ ಬೇಡ, ಪ್ರಶ್ನೆ ಇಲ್ಲ, ಊಟ ಸಸ್ಯಾಹಾರಿ. ಹಸಿದವರನ್ನು ಕಾಯಿಸದ ವಿಷಯದಲ್ಲಿ ಸಿಖ್ಖರ ಪದ್ಧತಿ ನಮ್ಮ ಚರ್ಚುಗಳದ್ದಕ್ಕಿಂತ ಮೇಲು ಎಂದು ಒಪ್ಪಿಕೊಳ್ಳಲೇಬೇಕು.

ಪ್ರಾರ್ಥನೆ ಎಲ್ಲಿ ಬರಬೇಕು

ಚರ್ಚಿನ ಹಾಲು ಅಂದಮೇಲೆ ಅನ್ನದ ಜೊತೆ ಮತಬೋಧನೆಯೂ ಬರುತ್ತದೆಯೇ ಎಂಬ ಅನುಮಾನ ಹಿಂದೂ, ಮುಸ್ಲಿಂ ಮನೆಗಳವರಿಗೆ ಸಹಜ. ಟ್ರಸೆಲ್ ಜಾಲದ ನಿಯಮ ಸ್ಪಷ್ಟ: ನಂಬಿಕೆ ಯಾವುದಾದರೂ, ಇಲ್ಲದಿದ್ದರೂ, ಸೇವೆ ಒಂದೇ. ಕೆಲವು ಕೇಂದ್ರಗಳಲ್ಲಿ ನಿಮಗಾಗಿ ಪ್ರಾರ್ಥಿಸೋಣವೇ ಎಂದು ಕೇಳುವುದುಂಟು. ಬೇಡ ಎಂದರೆ ಅಲ್ಲಿಗೆ ಮುಗಿಯಬೇಕು. ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆ ಚೀಲ ಕೈಗೆ ಬಂದ ಮೇಲೆ ಬರಬೇಕೇ ಹೊರತು ಮೊದಲಲ್ಲ. ಹಸಿದವನು ಮೊದಲು ಬೇಡ ಎನ್ನಲು ಹೆದರುತ್ತಾನೆ. ಹೆದರಿ ಒಪ್ಪಿದ ಪ್ರಾರ್ಥನೆ ದೇವರಿಗೂ ಬೇಡ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ರಾಜನು ಕೇಳುವುದು ಹಸಿದವನಿಗೆ ಊಟ ಕೊಟ್ಟೆಯಾ, ಪರದೇಶಿಯನ್ನು ಸೇರಿಸಿಕೊಂಡೆಯಾ ಎಂದು. ಊಟಕ್ಕೆ ಮೊದಲು ಅವನ ನಂಬಿಕೆ ವಿಚಾರಿಸಿದೆಯಾ ಎಂದಲ್ಲ.

ಈ ಮಾತು ಇವತ್ತಿನ ಬ್ರಿಟನ್ನಿನಲ್ಲಿ ಜೋರಾಗಿ ಹೇಳಬೇಕಾಗಿದೆ. 2025ರ ಸೆಪ್ಟೆಂಬರ್ 13ರಂದು ಲಂಡನ್ನಿನಲ್ಲಿ ನಡೆದ ವಲಸೆ ವಿರೋಧಿ ಮೆರವಣಿಗೆಯಲ್ಲಿ ಮರದ ಶಿಲುಬೆ ಹೊತ್ತು ಬಂದವರಿದ್ದರು. ಹಲವು ಕ್ರೈಸ್ತ ಸಭೆಗಳ ನಾಯಕರು ಅದನ್ನು ಬಹಿರಂಗವಾಗಿ ವಿರೋಧಿಸಿದರು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರೈಸ್ತರು ಎಂದವರು ಶೇ 46.2, ಮೊದಲ ಬಾರಿಗೆ ಅರ್ಧಕ್ಕಿಂತ ಕಡಿಮೆ. ದೇಶದ ಕ್ರೈಸ್ತತನ ಉಳಿಸಬೇಕು ಎನ್ನುವವರು ಯಾವುದಾದರೂ ಮಂಗಳವಾರ ಬೆಳಿಗ್ಗೆ ಚರ್ಚ್ ಹಾಲಿಗೆ ಹೋಗಿ ನೋಡಲಿ. ಎಪ್ಪತ್ತು ದಾಟಿದ ಅಜ್ಜಿಯರು ಡಬ್ಬಿಗಳ ಮೇಲೆ ಮಾರ್ಕರ್ ಪೆನ್ನಿನಿಂದ ದೊಡ್ಡದಾಗಿ ತಿಂಗಳು, ವರ್ಷ ಬರೆದು, ತಾರೀಖು ಹತ್ತಿರವಿರುವುದು ಮುಂದೆ ಬರುವಂತೆ ಕ್ರೇಟುಗಳಲ್ಲಿ ಜೋಡಿಸುತ್ತಿರುತ್ತಾರೆ. ಆ ಡಬ್ಬಿ ಯಾವ ದೇಶದವರ ಮನೆಗೆ ಹೋಗುತ್ತದೆ ಎಂದು ಅವರು ಕೇಳುವುದಿಲ್ಲ.

ಎಲ್ಲಿ ಸೋಲುತ್ತದೆ, ಯಾಕೆ

ಇಷ್ಟು ಚೆನ್ನಾಗಿ ನಡೆಯುವ ಸೇವೆಗೆ ಜನ ಯಾಕೆ ಮತ್ತೆ ಮತ್ತೆ ಬರಬೇಕಾಗುತ್ತದೆ? ಉತ್ತರದ ದೊಡ್ಡ ಪಾಲು ಭತ್ಯೆಯ ರಚನೆಯಲ್ಲೇ ಇದೆ. ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದವರಿಗೆ ಮೊದಲ ಹಣ ಬರಲು ಐದು ವಾರ ಹಿಡಿಯುತ್ತದೆ: ಒಂದು ತಿಂಗಳ ಆದಾಯ ನೋಡಿ ಲೆಕ್ಕ ಹಾಕಬೇಕು, ಆಮೇಲೆ ಹಣ ಹಾಕಲು ಒಂದು ವಾರ. ನಡುವೆ ಬೇಕಾದರೆ ಮುಂಗಡ ಸಿಗುತ್ತದೆ, ಆದರೆ ಅದು ಸಾಲ; ಮುಂದಿನ 24 ತಿಂಗಳವರೆಗೆ ಪ್ರತಿ ಕಂತಿನಲ್ಲೂ ಕಡಿತವಾಗುತ್ತದೆ. ಅಂದರೆ ಮೊದಲ ತಿಂಗಳ ಹಸಿವನ್ನು ಎರಡು ವರ್ಷಕ್ಕೆ ಹಂಚಿದಂತಾಗುತ್ತದೆ. ಕಡಿತದ ಮಿತಿಯನ್ನು 2025ರ ಏಪ್ರಿಲ್‌ನಲ್ಲಿ ಮೂಲ ಭತ್ಯೆಯ ಶೇ 25ರಿಂದ ಶೇ 15ಕ್ಕೆ ಇಳಿಸಿದ್ದು ಒಳ್ಳೆಯ ಕೆಲಸ. ಐದು ವಾರದ ಕಾಯುವಿಕೆ ಮಾತ್ರ ಹಾಗೇ ಇದೆ.

ಎರಡು ಮಕ್ಕಳ ಮಿತಿ ಇನ್ನೊಂದು. 2017ರ ಏಪ್ರಿಲ್ 6ರಂದು ಅಥವಾ ಆಮೇಲೆ ಹುಟ್ಟಿದ ಮೂರನೇ ಮಗುವಿಗೆ, ಕೆಲವು ವಿನಾಯಿತಿ ಬಿಟ್ಟರೆ, ಭತ್ಯೆಯ ಮಕ್ಕಳ ಭಾಗ ಇರಲಿಲ್ಲ. ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ 26 ಬಿಷಪ್‌ಗಳಿಗೆ ಸ್ಥಾನವಿದೆ. ಅವರಲ್ಲಿ ಅಂದಿನ ಡರ್ಹಮ್ ಬಿಷಪ್ ಪಾಲ್ ಬಟ್ಲರ್ ಈ ಮಿತಿ ತೆಗೆಯಲು ಖಾಸಗಿ ಮಸೂದೆಯನ್ನೇ ತಂದರು. ಕಾನೂನಾಗಲಿಲ್ಲ, ಆದರೆ ವಿಷಯ ಸಾಯಲೂ ಇಲ್ಲ. ಕೊನೆಗೆ 2025ರ ನವೆಂಬರ್ ಬಜೆಟ್‌ನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್, 2026ರ ಏಪ್ರಿಲ್‌ನಿಂದ ಮಿತಿಯನ್ನು ತೆಗೆಯುವುದಾಗಿ ಘೋಷಿಸಿದರು. ಒಂದು ಮನೆಗೆ ಒಟ್ಟಾರೆ ಇಷ್ಟೇ ಎಂದು ಕಟ್ಟಿರುವ ಬೆನಿಫಿಟ್ ಕ್ಯಾಪ್ ಬೇರೆ ನಿಯಮ. ಅದಕ್ಕೆ ತಾಗುವ ಮನೆಗಳಿಗೆ ಈ ಬದಲಾವಣೆಯ ಪೂರ್ತಿ ಲಾಭ ಸಿಗುವುದಿಲ್ಲ.

ಬಿಷಪ್‌ಗಳು ರಾಜಕೀಯ ಮಾತಾಡಬಾರದು, ಆತ್ಮದ ವಿಚಾರ ನೋಡಿಕೊಂಡರೆ ಸಾಕು ಎಂಬ ಆಕ್ಷೇಪ ಹಳೆಯದು. 1985ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ನಗರಗಳ ಬಡತನದ ಬಗ್ಗೆ ವರದಿ ತಂದಾಗ ಥ್ಯಾಚರ್ ಸರ್ಕಾರದ ಕಡೆಯಿಂದ ಇದೇ ಸಿಟ್ಟು ಬಂತು. 2014ರಲ್ಲಿ 27 ಬಿಷಪ್‌ಗಳು ಹಸಿವಿನ ಬಗ್ಗೆ ಪತ್ರಿಕೆಗೆ ಬಹಿರಂಗ ಪತ್ರ ಬರೆದಾಗಲೂ, ಕಾರ್ಡಿನಲ್ ವಿನ್ಸೆಂಟ್ ನಿಕೋಲ್ಸ್ ಭತ್ಯೆ ಕಡಿತವನ್ನು ಕಟುವಾಗಿ ಟೀಕಿಸಿದಾಗಲೂ ಅದೇ. ಈ ಆಕ್ಷೇಪಕ್ಕೆ ನನ್ನ ಉತ್ತರ ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿದೆ. ಹೊಲದ ಅಂಚಿನವರೆಗೆ ಕೊಯ್ಯಬೇಡ, ಹಕ್ಕಲಾಯಬೇಡ, ಅದನ್ನು ಬಡವನಿಗೂ ಪರದೇಶಿಗೂ ಬಿಡು ಎನ್ನುತ್ತದೆ ಅದು. ಅದು ದಾನಿಯ ಮನಸ್ಸಿಗೆ ಬಿಟ್ಟ ಉಪಕಾರವಾಗಿರಲಿಲ್ಲ, ದೇಶದ ಕಾನೂನಾಗಿತ್ತು. ಪರದೇಶವಾದ ಮೋವಾಬಿನಿಂದ ಬಂದ ಬಡ ವಿಧವೆ ರೂತಳು ಬೋವಜನೆಂಬ ಜಮೀನ್ದಾರನ ಹೊಲಕ್ಕೆ ಬಂದು ತೆನೆ ಆಯ್ದದ್ದು ಆ ಕಾನೂನಿನ ಬಲದಿಂದ. ಬೋವಜನ ಔದಾರ್ಯ ಅದರ ಮೇಲೆ ಸೇರಿದ್ದು. ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ ಮತ್ತು ಬ್ರಿಟನ್ನಿನ ಸಾಮಾಜಿಕ ಭದ್ರತೆಗೆ ಬುನಾದಿಯಾದ ವರದಿ ಬರೆದ ವಿಲಿಯಂ ಬೆವರಿಜ್ 1942ರಲ್ಲಿ, ಒಬ್ಬರು ದೇವಶಾಸ್ತ್ರದ ಕಡೆಯಿಂದ, ಇನ್ನೊಬ್ಬರು ಆಡಳಿತದ ಕಡೆಯಿಂದ, ಕಟ್ಟಲು ಹೊರಟದ್ದೂ ಇಂಥ ಹಕ್ಕನ್ನೇ. ಫುಡ್‌ಬ್ಯಾಂಕ್ ಬೋವಜನ ಔದಾರ್ಯದ ಜಾಗದಲ್ಲಿದೆ. ಅಂಚಿನ ತೆನೆಯನ್ನೂ ಕೊಯ್ದುಕೊಂಡು, ಔದಾರ್ಯ ಇದೆಯಲ್ಲ ಎಂದು ಸರ್ಕಾರ ಹೇಳಿದರೆ ಚರ್ಚು ಸುಮ್ಮನಿರಬಾರದು.

ಬಿಟ್ಟಿ ಸಿಗುತ್ತದೆ ಅಂತ ಜನ ಬರುತ್ತಾರೆ ಎನ್ನುವವರೂ ಇದ್ದಾರೆ. ವೋಚರ್ ವ್ಯವಸ್ಥೆ ಬಲ್ಲವರು ಹಾಗೆ ಹೇಳಲಾರರು. ಡಾಕ್ಟರೋ ಶಾಲೆಯೋ ಕಳಿಸದೆ ಬರಲಾಗದ, ಮನೆಯ ಲೆಕ್ಕ ಹೇಳಿಕೊಂಡು ಮೂರು ದಿನದ ಡಬ್ಬಿ ಒಯ್ಯುವ ಜಾಗಕ್ಕೆ ಯಾರೂ ಆಸೆಯಿಂದ ಬರುವುದಿಲ್ಲ. ಈ ಅವಸ್ಥೆ ಕಂಡೇ ಸ್ವತಂತ್ರ ಫುಡ್‌ಬ್ಯಾಂಕ್‌ಗಳ ಒಕ್ಕೂಟ ಡಬ್ಬಿಗಿಂತ ಮೊದಲು ನಗದು ಕೊಡಿ ಎನ್ನುತ್ತದೆ. ನನಗೂ ಅದೇ ಸರಿ ಎನಿಸುತ್ತದೆ: ಕೈಯಲ್ಲಿ ಹಣವಿದ್ದವಳು ತನ್ನ ಮಗು ತಿನ್ನುವುದನ್ನೇ ಕೊಳ್ಳುತ್ತಾಳೆ. ಟ್ರಸೆಲ್ ಕೂಡ ತನ್ನ ಗುರಿ ಫುಡ್‌ಬ್ಯಾಂಕ್ ಬೇಕಾಗದ ದೇಶ ಎಂದೇ ಹೇಳಿಕೊಂಡಿದೆ.

ಕೊಡುವವರಿಗೆ

ಅಲ್ಲಿಯವರೆಗೆ ಕಪಾಟು ತುಂಬಿರಬೇಕಲ್ಲ. ಸೂಪರ್‌ಮಾರ್ಕೆಟ್ ಬಾಗಿಲಲ್ಲಿರುವ ಸಂಗ್ರಹ ಪೆಟ್ಟಿಗೆಗೆ ಜನ ಹೆಚ್ಚಾಗಿ ಹಾಕುವುದು ಬೇಕ್ಡ್ ಬೀನ್ಸ್ ಮತ್ತು ಪಾಸ್ತಾ. ಅವು ಮಿಕ್ಕುವುದೇ ಜಾಸ್ತಿ. ಸಾಮಾನ್ಯವಾಗಿ ಮುಗಿದುಹೋಗುವುದು ಯುಎಚ್‌ಟಿ ಹಾಲು, ಹಣ್ಣಿನ ಡಬ್ಬಿ, ಜ್ಯೂಸ್, ಮಾಂಸ-ಮೀನಿನ ಡಬ್ಬಿ, ಶಾಂಪೂ, ಟೂತ್‌ಪೇಸ್ಟ್, ಪಾತ್ರೆ ತೊಳೆಯುವ ಲಿಕ್ವಿಡ್. ಆಯಾ ಫುಡ್‌ಬ್ಯಾಂಕಿನ ಜಾಲತಾಣದಲ್ಲಿ ಸದ್ಯ ಬೇಕಾದ್ದರ ಪಟ್ಟಿ ಇರುತ್ತದೆ, ಅದನ್ನು ನೋಡಿಯೇ ಅಂಗಡಿಗೆ ಹೋಗಿ. ಡಬ್ಬಿ ಕೊಳ್ಳುವಾಗ ಮೇಲೆ ಎಳೆದು ತೆಗೆಯುವ ಉಂಗುರ ಇರುವುದನ್ನೇ ಆರಿಸಿ, ಎಲ್ಲರ ಮನೆಯಲ್ಲೂ ಡಬ್ಬಿ ತೆರೆಯುವ ಸಾಧನ ಇರುವುದಿಲ್ಲ.

ಕನ್ನಡ ಸಂಘಗಳು ಯುಗಾದಿಗೋ ರಾಜ್ಯೋತ್ಸವಕ್ಕೋ ಸಂಗ್ರಹ ಮಾಡುವುದಾದರೆ 10 ಕೆಜಿ ಸೋನಾ ಮಸೂರಿ ಚೀಲ ತರಬೇಡಿ. ಅದನ್ನು ಬಿಡಿಸಿ ಸಣ್ಣ ಪೊಟ್ಟಣ ಮಾಡಿದರೆ ಲೇಬಲ್ ತಪ್ಪಿಹೋಗುತ್ತದೆ. ಬ್ರಿಟನ್ನಿನಲ್ಲಿ 14 ಬಗೆಯ ಅಲರ್ಜಿಕಾರಕಗಳನ್ನು ಪೊಟ್ಟಣದ ಮೇಲೆ ತೋರಿಸುವುದು ಕಡ್ಡಾಯ, ಆ ಮಾಹಿತಿ ಇಲ್ಲದ್ದನ್ನು ಸ್ವಯಂಸೇವಕರು ಬೇರೆಯವರಿಗೆ ಕೊಡಲಾರರು. 500 ಗ್ರಾಂ ಅಥವಾ 1 ಕೆಜಿ ಪೊಟ್ಟಣ, ಇಂಗ್ಲಿಷ್ ಲೇಬಲ್, ತಾರೀಖಿಗೆ ಇನ್ನೂ ಕೆಲವು ತಿಂಗಳು ಬಾಕಿ ಇರುವುದು ಸರಿ. ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಚಕ್ಕುಲಿ ಎಷ್ಟೇ ಪ್ರೀತಿಯಿಂದ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಸುಗ್ಗಿ ಹಬ್ಬದ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಚರ್ಚು, ಶಾಲೆಗಳಿಂದ ದಂಡಿಯಾಗಿ ಬರುತ್ತದೆ. ಕ್ರಿಸ್‌ಮಸ್ ತಿನಿಸು ಡಿಸೆಂಬರ್ ಮೊದಲ ವಾರದೊಳಗೆ ತಲುಪದಿದ್ದರೆ ಹಂಚುವ ಹೊತ್ತು ಮೀರಿರುತ್ತದೆ. ಬೇಸಿಗೆ ರಜೆಯಲ್ಲಿ ಶಾಲೆಯ ಊಟ ನಿಂತಿರುತ್ತದೆ, ಆಗ ಕೊಟ್ಟದ್ದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಣ ಕೊಡುವುದಾದರೆ ತಿಂಗಳ ಸ್ಟ್ಯಾಂಡಿಂಗ್ ಆರ್ಡರ್ ಮಾಡಿ, ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುತ್ತಿದ್ದರೆ ಗಿಫ್ಟ್ ಏಡ್ ಫಾರಂ ತುಂಬಿ. ನಿಮ್ಮ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಫುಡ್‌ಬ್ಯಾಂಕಿಗೆ ಸೇರುತ್ತದೆ.

ಇನ್ನೊಂದು ಕೆಲಸವೂ ಇದೆ, ಅನೇಕ ಕನ್ನಡಿಗರಿಗೆ ಅದು ತಮ್ಮಿಂದ ಆಗುತ್ತದೆ ಎಂದೇ ಗೊತ್ತಿಲ್ಲ. ಐದು ವಾರದ ಕಾಯುವಿಕೆ ಬಗ್ಗೆ ನಿಮ್ಮ ಕ್ಷೇತ್ರದ ಸಂಸದರಿಗೆ ಬರೆಯಿರಿ. ಪತ್ರದಲ್ಲಿ ಪೋಸ್ಟ್‌ಕೋಡ್ ಸಮೇತ ವಿಳಾಸ ಇರಲಿ, ಇಲ್ಲದಿದ್ದರೆ ಅವರ ಕಚೇರಿ ಉತ್ತರಿಸುವುದಿಲ್ಲ. ಮತ ಇಲ್ಲದವರ ಪತ್ರ ಯಾರು ಓದುತ್ತಾರೆ ಎಂದುಕೊಳ್ಳಬೇಡಿ. ಭಾರತ ಕಾಮನ್‌ವೆಲ್ತ್ ದೇಶ. ಭಾರತದ ಪ್ರಜೆಗಳು ಸಕ್ರಮ ವೀಸಾದ ಮೇಲೆ ಬ್ರಿಟನ್ನಿನಲ್ಲಿ ವಾಸವಿದ್ದರೆ, ವಿದ್ಯಾರ್ಥಿಗಳೂ ಸೇರಿ, ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಸರ್ಕಾರದ ಜಾಲತಾಣದಲ್ಲಿ ಹೆಸರು ನೋಂದಾಯಿಸಿ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿಟ್ಟುಕೊಂಡರೆ ಐದು ನಿಮಿಷದ ಕೆಲಸ. ಮತಗಟ್ಟೆಯಲ್ಲಿ ಈಗ ಫೋಟೊ ಇರುವ ಗುರುತಿನ ಚೀಟಿ ಕೇಳುತ್ತಾರೆ, ಅದಕ್ಕೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.